ಭುಜದ ನೋವು, ವಿಡಾಲ್ ಮತ್ತು ತಡವಾಗಿ ಬಂದ ಪಾಸಿಟಿವ್

ಆತ ಎಪಿಎಂಸಿ ಯಾರ್ಡಿನಲ್ಲಿ ಹಮಾಲಿ. ವಯಸ್ಸು 38. ದಿನವಿಡೀ ಮೂಟೆ ಹೊರುವ ಮನುಷ್ಯ ಬಲ ಭುಜ ನೋಯುತ್ತೆ ಅಂದರೆ ಯಾರಿಗೆ ತಾನೇ ಲಿವರ್ ನೆನಪಾಗುತ್ತದೆ? ಹತ್ತಿರದ ಕ್ಲಿನಿಕ್ಕಿನಲ್ಲಿ ಹಚ್ಚಿಕೊಳ್ಳಲು ಮುಲಾಮು ಕೊಟ್ಟರು, ನೋವಿನ ಮಾತ್ರೆ ಕೊಟ್ಟರು. ಚಳಿಜ್ವರವೂ ಇತ್ತು. ಮೂರನೇ ದಿನ ರಕ್ತ ಪರೀಕ್ಷೆಗೆ ಕಳಿಸಿದರು. ಟೈಫಾಯ್ಡ್ ಪತ್ತೆಗೆ ಮಾಡುವ ವಿಡಾಲ್ ಪರೀಕ್ಷೆ ಪಾಸಿಟಿವ್ ಬಂತು. ಸರಿ, ಟೈಫಾಯ್ಡ್ ಅಂತ ಮೂರು ದಿನ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ನಡೆಯಿತು. ಜ್ವರ ಜಗ್ಗಲಿಲ್ಲ. ಆರನೇ ದಿನ ಹೆಂಡತಿ ಆಟೋ ಮಾಡಿಕೊಂಡು ನಮ್ಮ ಆಸ್ಪತ್ರೆಗೆ ಕರೆತಂದರು.

ಮುಂದೆ ಹೋಗುವ ಮೊದಲು ಒಂದು ಮಾತು ಹೇಳಿಬಿಡಬೇಕು. ಈ ಹಮಾಲಿ ಒಬ್ಬನೇ ವ್ಯಕ್ತಿ ಅಲ್ಲ. ಇದೇ ದಾರಿಯಲ್ಲಿ ಬಂದ ಹಲವು ರೋಗಿಗಳ ವಿವರ ಸೇರಿಸಿ ಒಬ್ಬನನ್ನು ಮಾಡಿದ್ದೇನೆ. ವಯಸ್ಸು, ಕೆಲಸ, ಅಂಕಿಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ನನ್ನ ಕೆಲಸ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ. ರೋಗಿಯ ಮುಖಕ್ಕಿಂತ ಅವನ ಸೀರಮ್ (ರಕ್ತದಿಂದ ಬೇರ್ಪಡಿಸಿದ ತಿಳಿ ದ್ರವ) ಟ್ಯೂಬನ್ನೇ ಜಾಸ್ತಿ ನೋಡುವವರು ನಾವು. ಹಾಗಾಗಿ ಈ ಬರಹವೂ ಟ್ಯೂಬಿನ ಕಡೆಗೇ ವಾಲುತ್ತದೆ.

ವಾರ್ಡಿನಲ್ಲಿ ಪರೀಕ್ಷೆ ಮಾಡಿದ ಡಾಕ್ಟರಿಗೆ ಸಂಶಯ ಬಂದದ್ದು ಒಂದು ಸಣ್ಣ ವಿಷಯದಿಂದ. ಕೈ ಎತ್ತಿದರೆ, ತಿರುಗಿಸಿದರೆ ಭುಜ ನೋಯುತ್ತಿರಲಿಲ್ಲ. ಉಸಿರು ಜೋರಾಗಿ ಎಳೆದುಕೊಂಡರೆ ನೋಯುತ್ತಿತ್ತು. ಕೀಲಿನ ನೋವು ಹಾಗಿರುವುದಿಲ್ಲ. ಬಲಗಡೆ ಕೆಳಪಕ್ಕೆಲುಬುಗಳ ಸಂದಿಯಲ್ಲಿ ಒಂದು ಬೆರಳಿಂದ ಒತ್ತಿದಾಗ ಆತ ಡಾಕ್ಟರ ಕೈಯನ್ನೇ ಹಿಡಿದುಕೊಂಡ. ಲಿವರ್ ಊದಿ ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯನ್ನು, ಕೆರಳಿಸಿದಾಗ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ವಪೆಯ ನರವೂ ಭುಜದ ಚರ್ಮದ ನರವೂ ಬೆನ್ನುಹುರಿಯ ಒಂದೇ ಮಟ್ಟಕ್ಕೆ ಬಂದು ಸೇರುತ್ತವೆ. ಮಿದುಳಿಗೆ ಎಲ್ಲಿಯ ನೋವು ಅಂತ ಗೊತ್ತಾಗದೆ ಭುಜದ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ.

ಕಾಮಾಲೆ ಇರಲಿಲ್ಲ. ಬಿಳಿ ರಕ್ತಕಣ 18,400, ಸೋಂಕಿನ ಗುರುತು. ಎಕ್ಸ್‌ರೇಯಲ್ಲಿ ಬಲಗಡೆ ವಪೆ ಮೇಲಕ್ಕೆ ಸರಿದಿತ್ತು. ಸ್ಕ್ಯಾನಿಂಗಿನಲ್ಲಿ ಲಿವರಿನ ಬಲ ಹಾಲೆಯಲ್ಲಿ 8.5 ಸೆಂಟಿಮೀಟರಿನ ಒಂದೇ ಒಂದು ಕೀವಿನ ಗಡ್ಡೆ ಕಂಡಿತು. ‘ಬೇಧಿ ಆಗಿತ್ತಾ?’ ಅಂತ ಕೇಳಿದರೆ ಇಲ್ಲ ಅಂದ. ಹೆಂಡತಿ ನೆನಪು ಮಾಡಿಕೊಟ್ಟರು, ಎರಡು ಮೂರು ತಿಂಗಳ ಹಿಂದೆ ಎರಡು ದಿನ ಆಮಶಂಕೆ ತರಹ ಆಗಿತ್ತಂತೆ. ಮಜ್ಜಿಗೆ ಕುಡಿದು ವಾಸಿ ಮಾಡಿಕೊಂಡಿದ್ದನಂತೆ. ಸಂಜೆ ಹೊತ್ತು ಹೆಂಡ ಕುಡಿಯುವ ಅಭ್ಯಾಸ ಉಂಟು. ಇದೂ ಮುಖ್ಯವಾದ ಸುಳಿವು. ಅಮೀಬಾ ಅನ್ನುವ ಏಕಕೋಶ ಜೀವಿಯಿಂದ ಲಿವರಿನಲ್ಲಿ ಆಗುವ ಕೀವು ಹೆಂಗಸರಿಗಿಂತ ಗಂಡಸರಲ್ಲಿ ಹತ್ತು ಪಟ್ಟಿನಷ್ಟು ಹೆಚ್ಚು, ಅದೂ ನಡುವಯಸ್ಸಿನವರಲ್ಲಿ. ಉತ್ತರ ಶ್ರೀಲಂಕಾದ ಜಾಫ್ನಾದಲ್ಲಿ ಇದಕ್ಕೂ ಹೆಂಡಕ್ಕೂ ಇರುವ ನಂಟನ್ನು ವೈದ್ಯರು ದಾಖಲಿಸಿದ್ದಾರೆ.

ಈಗ ಪ್ರಶ್ನೆ ಏನು ಅಂದರೆ, ಈ ಕೀವು ಅಮೀಬಾದ್ದೋ ಬ್ಯಾಕ್ಟೀರಿಯಾದ್ದೋ? ಸ್ಕ್ಯಾನ್ ನೋಡಿ ಖಚಿತವಾಗಿ ಹೇಳಲು ಆಗುವುದಿಲ್ಲ. ಮೂರು ದಿನ ಸತತ ಮಲ ಪರೀಕ್ಷೆ ಮಾಡಿದೆವು, ಅಮೀಬಾ ಸಿಗಲಿಲ್ಲ. ಅದರಲ್ಲಿ ಆಶ್ಚರ್ಯ ಇಲ್ಲ. ಲಿವರ್ ಕೀವಿನ ಹೊತ್ತಿಗೆ ಬಹಳಷ್ಟು ಜನರ ಮಲದಲ್ಲಿ ಅಮೀಬಾ ಕಾಣುವುದೇ ಇಲ್ಲ. ಕರುಳಿಂದ ರಕ್ತದ ಮೂಲಕ ಲಿವರಿಗೆ ಹೋಗಿ ತಿಂಗಳುಗಳೇ ಆಗಿರಬಹುದು. ಇನ್ನು ಬ್ಯಾಕ್ಟೀರಿಯಾ ಬೆಳೆಯುತ್ತದಾ ಅಂತ ನೋಡುವ ಕಲ್ಚರ್ ನೆಗೆಟಿವ್ ಬಂದರೂ ನಂಬುವಂತಿರಲಿಲ್ಲ. ಮೂರು ದಿನ ಆಂಟಿಬಯಾಟಿಕ್ ಹೊಟ್ಟೆಗೆ ಬಿದ್ದಿತ್ತಲ್ವಾ, ತಪ್ಪಾಯಿತು, ರಕ್ತಕ್ಕೆ ಬಿದ್ದಿತ್ತು.

ಉಳಿದದ್ದು ಪ್ರತಿಕಾಯದ ಪರೀಕ್ಷೆ. ಅಂದರೆ ಆಂಟಿಬಾಡಿ, ಸೋಂಕಿನ ವಿರುದ್ಧ ಮೈ ತಯಾರಿಸುವ ಪ್ರೋಟೀನ್. ಈ ರೋಗ ತರುವ ಅಮೀಬಾದ ಹೆಸರು ಎಂಟಮೀಬಾ ಹಿಸ್ಟೋಲಿಟಿಕಾ. ಅದರ ವಿರುದ್ಧ ರಕ್ತದಲ್ಲಿ ಐಜಿಜಿ ಅನ್ನುವ ಬಗೆಯ ಪ್ರತಿಕಾಯ ಇದೆಯಾ ಅಂತ ಎಲೈಸಾ ಅನ್ನುವ ಪರೀಕ್ಷೆ ಮಾಡಿದೆವು. ಕಿಟ್ಟಿನ ಪ್ರಕಾರ 1ಕ್ಕಿಂತ ಮೇಲೆ ಬಂದರೆ ಪಾಸಿಟಿವ್. ಬಂದದ್ದು 0.8.

ನೆಗೆಟಿವ್ ಅಂತ ಬರೆದು ಕಳಿಸಬಹುದಿತ್ತು. ಕಿಟ್ಟಿನ ನಿಯಮವೂ ಅದೇ. ಆದರೆ ಜ್ವರ ಶುರುವಾಗಿ ಆರನೇ ದಿನದ ರಕ್ತ ಅದು. ಮೊದಲ ವಾರದಲ್ಲಿ ಪ್ರತಿಕಾಯ ಇನ್ನೂ ಅಳತೆಗೆ ಸಿಗುವಷ್ಟು ಏರದೇ ಇರಬಹುದು. ಹಾಗಾಗಿ ರಿಪೋರ್ಟಿನ ಕೆಳಗೆ ಕೈಯಿಂದ ಬರೆದೆ: ‘ಒಂದು ವಾರ ಬಿಟ್ಟು ಇನ್ನೊಂದು ಸ್ಯಾಂಪಲ್ ಕಳಿಸಿ.’ ಪ್ರಿಂಟಾದ ರಿಪೋರ್ಟಿನ ಮೇಲೆ ಪೆನ್ನಿನ ಗೆರೆ ಬಿದ್ದರೆ ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ಡಾಕ್ಟರುಗಳು ಕಾಯಲಿಲ್ಲ, ಕಾಯಬಾರದು ಕೂಡ. ಮೆಟ್ರೋನಿಡಜೋಲ್ ಶುರು ಮಾಡಿದರು. ಕಲ್ಚರ್ ವರದಿ ಬರುವವರೆಗೆ ಬ್ಯಾಕ್ಟೀರಿಯಾದ ಔಷಧಿಯನ್ನೂ ಜೊತೆಗಿಟ್ಟರು. ಗಡ್ಡೆಯ ಒಂದು ಕಡೆ ಲಿವರಿನ ಗೋಡೆ ತೆಳ್ಳಗೆ ಉಳಿದಿತ್ತು, ಒಡೆಯುವ ಭಯ. ಎರಡನೇ ದಿನ ಸ್ಕ್ಯಾನ್ ನೋಡಿಕೊಂಡೇ ಸೂಜಿ ಹಾಕಿ ಕೀವು ತೆಗೆದರು.

ಪುಸ್ತಕಗಳಲ್ಲಿ ಈ ಕೀವಿನ ಬಣ್ಣಕ್ಕೆ ‘ಆಂಚೊವಿ ಸಾಸ್’ ಅಂತ ಬರೆದಿರುತ್ತದೆ. ಮೆಡಿಕಲ್ ಕಾಲೇಜು ಸೇರಿದಾಗಿನಿಂದ ಈ ಉಪಮೆ ಕೇಳುತ್ತಿದ್ದೇನೆ, ಆ ಸಾಸನ್ನು ಇವತ್ತಿನವರೆಗೆ ಕಣ್ಣಿಂದ ಕಂಡಿಲ್ಲ. ನಮ್ಮ ಕಡೆಯವರಿಗೆ ಹೇಳುವುದಾದರೆ ಹುಣಸೆ ರಸಕ್ಕೆ ಬೆಲ್ಲ ಹಾಕಿ ಕುದಿಸಿದ ಗೊಜ್ಜಿನ ಬಣ್ಣ. ಗಟ್ಟಿ, ಕಂದು, ಅಲ್ಲಲ್ಲಿ ಕೆಂಪು ಎಳೆ. ವಾಸನೆ ಇಲ್ಲ. ನಿಜ ಹೇಳಬೇಕೆಂದರೆ ಅದು ಕೀವೇ ಅಲ್ಲ. ಕೀವು ಅಂದರೆ ಸತ್ತ ಬಿಳಿ ರಕ್ತಕಣಗಳ ರಾಶಿ. ಇಲ್ಲಿ ಇರುವುದು ಕರಗಿಹೋದ ಲಿವರ್.

ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುವ ಗ್ರಾಂ ಸ್ಟೈನಿನಲ್ಲಿ ಬ್ಯಾಕ್ಟೀರಿಯಾ ಇಲ್ಲ. ಅಮೀಬಾ ಕೂಡ ಇಲ್ಲ! ಅಮೀಬಾಗಳು ಗಡ್ಡೆಯ ನಡುವಿನಲ್ಲಿ ಇರುವುದಿಲ್ಲ, ಗೋಡೆಯ ಅಂಚಿನಲ್ಲಿ ಇರುತ್ತವೆ. ಹಾಗಾಗಿ ಸೂಜಿಯಲ್ಲಿ ಕೊನೆಗೆ ಬರುವ ನಾಲ್ಕು ಹನಿಯಲ್ಲಿ ಸಿಗುವ ಸಂಭವ ಜಾಸ್ತಿ. ನಮಗೆ ಕಳಿಸಿದ್ದು ಮೊದಲ ಸಿರಿಂಜ್. ಈ ವಿಷಯದಲ್ಲಿ ವಾರ್ಡಿನವರಿಗೂ ಲ್ಯಾಬಿನವರಿಗೂ ಇರುವ ಜಗಳ ಹಳೆಯದು. ನಾವು ಸೋಲುತ್ತಲೇ ಬಂದಿದ್ದೇವೆ.

ಮೂರನೇ ದಿನಕ್ಕೆ ಜ್ವರ ಇಳಿಯಿತು. ಕೀವಿನ ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ. ಒಂದು ವಾರದ ನಂತರ ಎರಡನೇ ಸ್ಯಾಂಪಲ್ ಬಂತು. ಎಲೈಸಾ ಈ ಸಲ 4.6.

ಇಲ್ಲಿಗೆ ರೋಗಿಯ ಮಟ್ಟಿಗೆ ಉತ್ತರ ಸಿಕ್ಕಿತು. ನನ್ನ ಮಟ್ಟಿಗೆ ಪ್ರಶ್ನೆ ಶುರುವಾಯಿತು. ಆ ಒಂದು ವಾರದಲ್ಲಿ ಆತನ ರಕ್ತ ಅಮೀಬಾದ ಯಾವ ಭಾಗಗಳನ್ನು ಗುರುತು ಹಿಡಿಯಲು ಕಲಿತಿತು?

‘ಹಿಸ್ಟೋಲಿಟಿಕಾ’ ಅಂದರೆ ಅಂಗಾಂಶ ಕರಗಿಸುವಂಥದ್ದು. 1903ರಲ್ಲಿ ಜರ್ಮನಿಯ ಫ್ರಿಟ್ಜ್ ಶೌಡಿನ್ ಇಟ್ಟ ಹೆಸರು. ಏನು ಬಳಸಿ ಕರಗಿಸುತ್ತದೆ ಅನ್ನುವುದು ಆಗ ಗೊತ್ತಿರಲಿಲ್ಲ. ಈಗ ಗೊತ್ತಿದೆ: ಮುಖ್ಯವಾಗಿ ಸಿಸ್ಟೀನ್ ಪ್ರೋಟಿಯೇಸ್ ಅನ್ನುವ ಕಿಣ್ವಗಳು. ಪ್ರೋಟೀನನ್ನು ಕತ್ತರಿಸುವ ಕಿಣ್ವಗಳು ಇವು. ಅಮೀಬಾದ ಜೀನೋಮಿನಲ್ಲಿ ಇಂಥ ಸುಮಾರು 50 ಜೀನುಗಳಿವೆ. ಆದರೆ ಲ್ಯಾಬಿನಲ್ಲಿ ಬೆಳೆಸಿದ ಅಮೀಬಾದಲ್ಲಿ ಹೆಚ್ಚಿನ ಕೆಲಸ ಮಾಡುವುದು ಮೂರೇ: ಸಿಪಿ1, ಸಿಪಿ2, ಸಿಪಿ5. ಮೊದಲು ಲೆಕ್ಟಿನ್ ಅನ್ನುವ ಪ್ರೋಟೀನಿನಿಂದ ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳುತ್ತದೆ, ಆಮೇಲೆ ಕೊಲ್ಲುತ್ತದೆ, ಜೊತೆಗೆ ಈ ಕಿಣ್ವಗಳಿಂದ ಕರುಳಿನ ಲೋಳೆ, ಕೋಶಗಳ ನಡುವಿನ ಅಂಟು ಎಲ್ಲವನ್ನೂ ಬಿಡಿಸುತ್ತಾ ಒಳಗೆ ಹೋಗುತ್ತದೆ.

ಇದೇ ಕಿಣ್ವಗಳ ಮೇಲೆ ರೋಗಿಗಳ ರಕ್ತದಲ್ಲಿ ಪ್ರತಿಕಾಯ ಹುಟ್ಟುತ್ತದೆ ಅಂತ 1989ರಲ್ಲಿ ಕ್ಯಾಲಿಫೋರ್ನಿಯಾದ ಶ್ಯಾರನ್ ರೀಡ್ ಮತ್ತು ಜೊತೆಗಾರರು ತೋರಿಸಿದರು. ಅವರು ಆ ಕಿಣ್ವವನ್ನು ಶುದ್ಧ ಮಾಡಿ ಅದನ್ನೇ ಎಲೈಸಾಕ್ಕೆ ಬಳಸಿದರು. ಅಮೀಬಾ ಅಂಗಾಂಶದ ಒಳಗೆ ನುಗ್ಗಿದ ರೋಗಿಗಳ ರಕ್ತದಲ್ಲಿ ಪ್ರತಿಕಾಯ ಕಂಡಿತು. ಇದರ ಅರ್ಥ ಸರಳ. ಕಿಣ್ವ ಬರೀ ಟ್ಯೂಬಿನಲ್ಲಿ ಹೊರಬರುತ್ತಿಲ್ಲ, ಮನುಷ್ಯನ ಮೈಯೊಳಗೂ ಹೊರಬರುತ್ತಿದೆ. ಮೈಗೆ ಅದು ಸಿಕ್ಕಿದೆ, ಅದಕ್ಕೇ ಅದರ ಮೇಲೆ ಪ್ರತಿಕಾಯ ಮಾಡಿದೆ.

ನಾನೂ ನೋಡೋಣ ಅಂತ ಹೊರಟೆ. ನಮ್ಮಲ್ಲಿ ಶುದ್ಧ ಕಿಣ್ವ ಎಲ್ಲಿಂದ ಬರಬೇಕು? ಅಮೀಬಾ ಬೆಳೆಸುವ ಬೇರೆ ಸಂಸ್ಥೆಯ ಸ್ನೇಹಿತರು ಒಂದೆರಡು ಟ್ಯೂಬ್ ಕೊಟ್ಟರು. ಈ ಅಮೀಬಾ ಗಾಜಿಗೆ ಅಂಟಿಕೊಂಡು ಬೆಳೆಯುತ್ತದೆ. ಟ್ಯೂಬನ್ನು ಹತ್ತು ನಿಮಿಷ ಐಸಿನಲ್ಲಿಟ್ಟರೆ ಕೈಬಿಟ್ಟು ಕೆಳಗೆ ಬೀಳುತ್ತದೆ. ಅದನ್ನು ತೊಳೆದು, ಒಡೆದು, ಅದರೊಳಗಿನ ಪ್ರೋಟೀನುಗಳನ್ನು ಜೆಲ್ಲಿನಲ್ಲಿ ಗಾತ್ರದ ಪ್ರಕಾರ ಓಡಿಸಿ, ಕಾಗದದಂಥ ಪಟ್ಟಿಗೆ ಇಳಿಸಿ, ಅದರ ಮೇಲೆ ರೋಗಿಯ ಸೀರಮ್ ಸುರಿಯಬೇಕು. ಪ್ರತಿಕಾಯ ಎಲ್ಲಿ ಅಂಟಿಕೊಳ್ಳುತ್ತದೋ ಅಲ್ಲಿ ಗೆರೆ ಮೂಡುತ್ತದೆ. ವೆಸ್ಟರ್ನ್ ಬ್ಲಾಟ್ ಅಂದರೆ ಇಷ್ಟೇ.

ಮೊದಲ ಸಲ ಏನಾಯಿತು ಅಂದರೆ, ಅಮೀಬಾ ಒಡೆದ ದ್ರಾವಣವನ್ನು ಬೆಂಚಿನ ಮೇಲೆ ಇಟ್ಟು ನಾನು ಟೀ ಕುಡಿಯಲು ಹೋದೆ. ಪ್ರೋಟಿಯೇಸ್ ತಡೆಯುವ ಇ-64 ಅನ್ನುವ ರಾಸಾಯನಿಕ ಹಾಕಬೇಕಿತ್ತು. ಫ್ರಿಜ್ಜಿನಲ್ಲಿ ಇರಲಿಲ್ಲ, ಆರ್ಡರ್ ಕೊಟ್ಟಿದ್ದು ಬಂದಿರಲಿಲ್ಲ. ಒಂದು ಸಲಕ್ಕೆ ಏನಾಗುತ್ತೆ ಬಿಡು ಅಂದುಕೊಂಡೆ. ಸಂಜೆ ಪಟ್ಟಿ ನೋಡಿದರೆ ಮೇಲ್ಗಡೆ ಒಂದು ಗೆರೆಯೂ ಇಲ್ಲ. ಲೆಕ್ಟಿನ್ನಿನ ದೊಡ್ಡ ಭಾಗ 170 ಕಿಲೋಡಾಲ್ಟನ್ (ಪ್ರೋಟೀನಿನ ಗಾತ್ರದ ಅಳತೆ ಅದು, ದೊಡ್ಡದು ಮೇಲೆ ನಿಲ್ಲುತ್ತದೆ), ಲಿವರ್ ಕೀವಿನ ರೋಗಿಯ ಸೀರಮ್ಮಿಗೆ ಅದು ಬಹುತೇಕ ಕಂಡೇ ಕಾಣಬೇಕು. ಅದರ ಜಾಗ ಖಾಲಿ. ಕೆಳಗಡೆ ಮಾತ್ರ ಇದ್ದಿಲು ಬಳಿದ ಹಾಗೆ ಒಂದು ಮಬ್ಬು ಕಲೆ.

ನನ್ನ ಟೀ ಮುಗಿಯುವಷ್ಟರಲ್ಲಿ ಅಮೀಬಾದ ಕಿಣ್ವಗಳು ಅಮೀಬಾದ್ದೇ ಪ್ರೋಟೀನುಗಳನ್ನು ಚೂರುಚೂರು ಮಾಡಿದ್ದವು. ಯಜಮಾನ ಸತ್ತರೂ ಕತ್ತರಿ ನಿಂತಿರಲಿಲ್ಲ.

ಬೇಜಾರಾಯಿತು, ಜೊತೆಗೆ ಒಂಥರಾ ಖುಷಿಯೂ ಆಯಿತು. ಆ ಹಮಾಲಿಯ ಲಿವರಿನಲ್ಲಿ ಆದದ್ದರ ಒಂದು ತುಣುಕನ್ನು ಬೆಂಚಿನ ಮೇಲೆ ನೋಡಿದ ಹಾಗಾಯಿತು. ಆಮೇಲೆ ಸುಮ್ನೆ ಖಾತ್ರಿ ಮಾಡಿಕೊಳ್ಳೋಣ ಅಂತ ಉಳಿದ ದ್ರಾವಣವನ್ನು ಜೆಲಾಟಿನ್ ಬೆರೆಸಿದ ಜೆಲ್ಲಿನಲ್ಲಿ ಓಡಿಸಿದೆ. ಬಣ್ಣ ಹಾಕಿದಾಗ ಜೆಲ್ ಪೂರ್ತಿ ನೀಲಿ ಆಗುತ್ತದೆ. ಕಿಣ್ವ ಎಲ್ಲಿ ಜೆಲಾಟಿನ್ ತಿಂದಿದೆಯೋ ಅಲ್ಲಿ ಮಾತ್ರ ಬಿಳಿ. ನೀಲಿ ಗೋಡೆಯಲ್ಲಿ ಕಿಟಕಿ ತೆರೆದಂತೆ ಮೂರು ನಾಲ್ಕು ಬಿಳಿ ಪಟ್ಟೆ ಮೂಡಿದವು.

ಇ-64 ಬಂದ ಮೇಲೆ ಎಲ್ಲವನ್ನೂ ಐಸಿನಲ್ಲೇ ಮಾಡಿ, ಒಡೆದ ಕೂಡಲೇ ಕುದಿಸಿ, ಮತ್ತೆ ಬ್ಲಾಟ್ ಮಾಡಿದೆ. ಈ ಸಲ ನಾಲ್ಕು ಪಟ್ಟಿ. ಒಂದಕ್ಕೆ ಹಮಾಲಿಯ ಮೊದಲ ಸೀರಮ್, ಇನ್ನೊಂದಕ್ಕೆ ಎರಡನೆಯದು. ಮೂರನೆಯದಕ್ಕೆ ಟೈಫಾಯ್ಡ್ ಅಂತ ಕಲ್ಚರಿನಲ್ಲಿ ಸಾಬೀತಾದ ಒಬ್ಬರದು. ನಾಲ್ಕನೆಯದಕ್ಕೆ ನೆಗೆಟಿವ್ ಕಂಟ್ರೋಲ್, ಅಂದರೆ ಹೋಲಿಸಿ ನೋಡಲು ಈ ರೋಗ ಇಲ್ಲದವರ ರಕ್ತ, ಬೇಕಿತ್ತು, ನನ್ನದೇ ರಕ್ತ ತೆಗೆದುಕೊಂಡೆ.

ಮೊದಲ ಸೀರಮ್ಮಿನಲ್ಲಿ ಮೇಲ್ಗಡೆ ಒಂದು ತೆಳು ಗೆರೆ, ದೀಪದ ಎದುರು ಹಿಡಿದರೆ ಮಾತ್ರ ಕಾಣುವಂಥದ್ದು. ಎಲೈಸಾ 0.8 ಅಂದದ್ದು ಇದನ್ನೇ ಇರಬೇಕು. ಎರಡನೆಯದರಲ್ಲಿ 170ರ ಹತ್ತಿರ ದಪ್ಪ ಗೆರೆ, ನಡುವೆ ಐದಾರು ಸಣ್ಣವು, 30ರ ಹತ್ತಿರ ಇನ್ನೊಂದು ಗಟ್ಟಿ ಗೆರೆ. ಟೈಫಾಯ್ಡ್ ಪಟ್ಟಿ ಖಾಲಿ.

30ರ ಹತ್ತಿರದ ಆ ಗೆರೆಯನ್ನು ನೋಡಿ ‘ಸಿಕ್ಕಿತು, ಸಿಸ್ಟೀನ್ ಪ್ರೋಟಿಯೇಸ್’ ಅಂತ ಕುಣಿಯುವ ಹಾಗಿಲ್ಲ. ಆ ಕಿಣ್ವಗಳ ಗಾತ್ರ ಅಲ್ಲೇ ಬರುತ್ತದೆ, ನಿಜ. ಆದರೆ ಪೆರಾಕ್ಸಿರೆಡಾಕ್ಸಿನ್ ಅನ್ನುವ ಇನ್ನೊಂದು ಕಿಣ್ವವೂ 29 ಕಿಲೋಡಾಲ್ಟನ್. ಅದು ಅಮೀಬಾದ ಮೈಮೇಲೆ ಇರುತ್ತದೆ, ನಮ್ಮ ಬಿಳಿ ರಕ್ತಕಣಗಳು ಎರಚುವ ಹೈಡ್ರೋಜನ್ ಪೆರಾಕ್ಸೈಡಿನಿಂದ ಅಮೀಬಾವನ್ನು ಉಳಿಸುತ್ತದೆ. ರೋಗಿಗಳ ಸೀರಮ್ ಇದನ್ನೂ ಗುರುತು ಹಿಡಿಯುತ್ತದೆ. ಒಂದು ಕಿಣ್ವ ಕತ್ತಿ, ಇನ್ನೊಂದು ಗುರಾಣಿ, ಎರಡೂ ಒಂದೇ ಎತ್ತರದಲ್ಲಿ ನಿಲ್ಲುತ್ತವೆ. ಇಡೀ ಅಮೀಬಾ ಅರೆದು ಹಾಕಿದ ಬ್ಲಾಟಿನಿಂದ ಇವನ್ನು ಬೇರೆ ಮಾಡಲು ಆಗುವುದಿಲ್ಲ. ಶುದ್ಧ ಕಿಣ್ವವೇ ಬೇಕು. 1989ರ ಕೆಲಸಕ್ಕೆ ಬೆಲೆ ಬಂದದ್ದು ಅದಕ್ಕೇ.

ಇನ್ನು ನಾಲ್ಕನೇ ಪಟ್ಟಿ, ನನ್ನದು. ಖಾಲಿ ಇರಬೇಕಾದ ಕಡೆ 170ರ ಹತ್ತಿರ ತೆಳುವಾಗಿ ಒಂದು ಗೆರೆ! ನನಗೆ ಲಿವರ್ ಕೀವು ಆಗಿಲ್ಲ. ಹಾಸ್ಟೆಲ್ ದಿನಗಳಲ್ಲಿ ಒಂದು ವಾರ ರಕ್ತಭೇದಿ ಆಗಿದ್ದು ನೆನಪಿದೆ. ಅದರದ್ದೋ, ಯಾವಾಗಲೋ ಗೊತ್ತಿಲ್ಲದೆ ಬಂದು ಹೋದದ್ದರದ್ದೋ. ಪ್ರತಿಕಾಯ ವರ್ಷಗಟ್ಟಲೆ ಉಳಿಯುತ್ತದೆ. ನಮ್ಮಂಥ ಕಡೆ ‘ಆರೋಗ್ಯವಂತ ಕಂಟ್ರೋಲ್’ ಹುಡುಕುವುದೇ ಒಂದು ಕೆಲಸ.

ವಿಡಾಲ್ ಪರೀಕ್ಷೆಯ ಕತೆಯೂ ಇದೇ ಅಲ್ವಾ? 1896ರಲ್ಲಿ ಫ್ರಾನ್ಸಿನ ಫರ್ನಾಂಡ್ ವಿಡಾಲ್ ಕೊಟ್ಟ ಪರೀಕ್ಷೆ. ಅದೂ ಪ್ರತಿಕಾಯವನ್ನೇ ಅಳೆಯುತ್ತದೆ. ಟೈಫಾಯ್ಡ್ ಓಡಾಡುವ ಊರಿನಲ್ಲಿ ಎಷ್ಟೋ ಜನರ ರಕ್ತದಲ್ಲಿ ಹಳೆಯ ಪ್ರತಿಕಾಯ ಇದ್ದೇ ಇರುತ್ತದೆ. ಈ ಹಮಾಲಿಗೆ ಮೂರನೇ ದಿನ ಪಾಸಿಟಿವ್ ಬಂದದ್ದು ಬಹುಶಃ ಹಳೆಯ ಲೆಕ್ಕ. ಆ ಕ್ಲಿನಿಕ್ಕಿನಲ್ಲಿ, ಇಲ್ಲದ ರೋಗಕ್ಕೆ ಪಾಸಿಟಿವ್; ನಮ್ಮ ಲ್ಯಾಬಿನಲ್ಲಿ, ಇರುವ ರೋಗಕ್ಕೆ ನೆಗೆಟಿವ್. ಎರಡೂ ಒಂದೇ ವಾರದಲ್ಲಿ, ಒಂದೇ ತೋಳಿನಿಂದ ತೆಗೆದ ರಕ್ತದಲ್ಲಿ. ಎರಡೂ ಕಡೆ ತಪ್ಪು ಕಿಟ್ಟಿನದ್ದಲ್ಲ. ಜ್ವರದ ಎಷ್ಟನೇ ದಿನದ ರಕ್ತ, ಎಂಥ ಊರಿನ ಮನುಷ್ಯ ಅಂತ ಕೇಳದೆ ಅಂಕಿಯನ್ನು ಓದಿದರೆ ಹೀಗೇ ಆಗುವುದು.

ವಾರ್ಡ್ ರೌಂಡಿನಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಳು: 4.6 ಅಂದರೆ ಅಷ್ಟೊಂದು ಪ್ರತಿಕಾಯ, ಹಾಗಾದರೆ ಔಷಧಿ ಇಲ್ಲದೇ ಅಮೀಬಾ ಸಾಯಬೇಕಿತ್ತಲ್ಲ?

ಒಳ್ಳೆಯ ಪ್ರಶ್ನೆ. ಸಾಯುವುದಿಲ್ಲ. ಪ್ರತಿಕಾಯ ಬಂದು ಮೈಗೆ ಅಂಟಿದರೆ ಈ ಅಮೀಬಾ ಅದನ್ನೆಲ್ಲ ಹಿಂಭಾಗಕ್ಕೆ ಎಳೆದುಕೊಂಡು ಹೋಗಿ ಒಟ್ಟುಮಾಡಿ ಕೊಡವಿಹಾಕುತ್ತದೆ. ಅದಕ್ಕಿಂತ ಚೆಂದದ ವಿಷಯ ಇನ್ನೊಂದಿದೆ. ಯಾವ ಸಿಸ್ಟೀನ್ ಪ್ರೋಟಿಯೇಸ್ ಮೇಲೆ ನಾವು ಪ್ರತಿಕಾಯ ಮಾಡುತ್ತೇವೋ, ಆ ಪ್ರೋಟಿಯೇಸ್‌ಗಳೇ ಪ್ರತಿಕಾಯವನ್ನು ಕತ್ತರಿಸುತ್ತವೆ. ಕರುಳಿನ ಐಜಿಎ, ರಕ್ತದ ಐಜಿಜಿ ಎರಡನ್ನೂ. ಪ್ರತಿಕಾಯಕ್ಕೆ ಸಹಾಯಕ್ಕೆ ಬರುವ ಕಾಂಪ್ಲಿಮೆಂಟ್ ಪ್ರೋಟೀನುಗಳನ್ನೂ ಬಿಡುವುದಿಲ್ಲ. ಕಳ್ಳನ ಮೇಲೆ ಎಫ್‌ಐಆರ್ ಬರೆದರೆ ಕಳ್ಳನೇ ಬಂದು ಆ ಹಾಳೆ ಹರಿದು ಹಾಕಿದಂತೆ. ನಮ್ಮ ಅದೃಷ್ಟಕ್ಕೆ ರಕ್ತದಲ್ಲಿ ಹಾಳೆಗಳು ಬಹಳ ಇರುತ್ತವೆ. ಎಲ್ಲವನ್ನೂ ಹರಿಯಲಾಗುವುದಿಲ್ಲ. ಹಾಗಾಗಿ ನಮ್ಮ ಪರೀಕ್ಷೆ ನಡೆಯುತ್ತದೆ.

ರಕ್ತದ ಪ್ರತಿಕಾಯ ರಕ್ಷಣೆ ಕೊಡುವುದಿಲ್ಲ ಅನ್ನುವುದಕ್ಕೆ ದೊಡ್ಡ ಸಾಕ್ಷಿ ಢಾಕಾದ ಮೀರ್‌ಪುರದಿಂದ ಬಂತು. ಅಲ್ಲಿನ ಕೊಳೆಗೇರಿಯ ಮಕ್ಕಳನ್ನು ರಶೀದುಲ್ ಹಕ್ ಮತ್ತು ಅಮೆರಿಕದ ವಿಲಿಯಂ ಪೆಟ್ರಿ ತಂಡ 1999ರಿಂದ ವರ್ಷಗಟ್ಟಲೆ ಹಿಂಬಾಲಿಸಿತು. ಕರುಳಿನಲ್ಲಿ ಲೆಕ್ಟಿನ್ ವಿರುದ್ಧ ಐಜಿಎ ಇದ್ದ ಮಕ್ಕಳಿಗೆ ಹೊಸ ಸೋಂಕು ಕಡಿಮೆ ಆಯಿತು. ರಕ್ತದಲ್ಲಿ ಐಜಿಜಿ ಇದ್ದ ಮಕ್ಕಳಿಗೆ ಕಡಿಮೆ ಆಗಲಿಲ್ಲ, ಜಾಸ್ತಿಯೇ ಆಯಿತು. ಅಂದರೆ ಐಜಿಜಿ ಕೆಡುಕು ಮಾಡುತ್ತದೆ ಅಂತಲ್ಲ. ಯಾವ ಮಗುವಿನಲ್ಲಿ ಅಮೀಬಾ ಸುಲಭವಾಗಿ ಒಳನುಗ್ಗುತ್ತದೋ ಆ ಮಗುವಿನ ರಕ್ತದಲ್ಲಿ ಐಜಿಜಿ ಏಳುತ್ತದೆ ಅಂತ ನಾನು ಓದಿಕೊಳ್ಳುತ್ತೇನೆ. ಕಾವಲು ಬೇಕಿರುವುದು ಬಾಗಿಲಲ್ಲಿ, ಅಂದರೆ ಕರುಳಿನಲ್ಲಿ.

ಹಮಾಲಿಯ ಕಡೆಗೆ ವಾಪಸ್ ಬರೋಣ. ಹತ್ತು ದಿನ ಮೆಟ್ರೋನಿಡಜೋಲ್ ಮುಗಿಯಿತು. ಬಾಯೆಲ್ಲ ಕಬ್ಬಿಣ ನೆಕ್ಕಿದ ರುಚಿ ಅಂತ ಬೈದುಕೊಂಡೇ ನುಂಗಿದ. ಹೆಂಡ ಕಟ್ಟುನಿಟ್ಟಾಗಿ ಬಂದ್. ಮನೆಗೆ ಹೋಗುವಾಗ ಇನ್ನೊಂದು ಔಷಧಿ ಬರೆದುಕೊಟ್ಟರು: ಡೈಲೋಕ್ಸನೈಡ್, 500 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಹತ್ತು ದಿನ. ‘ಹುಷಾರಾದೆನಲ್ಲ, ಇನ್ನೇಕೆ?’ ಅಂತ ಆತ ಕೇಳಿದ. ಮೆಟ್ರೋನಿಡಜೋಲ್ ಲಿವರಿನ ಅಮೀಬಾವನ್ನು ಕೊಲ್ಲುತ್ತದೆ. ಕರುಳಿನೊಳಗೆ ಉಳಿದುಕೊಂಡದ್ದನ್ನು ಪೂರ್ತಿ ತೆಗೆಯುವುದಿಲ್ಲ. ಈ ಎರಡನೇ ಔಷಧಿ ಬರೆಯಲು ಡಾಕ್ಟರು ಮರೆಯುತ್ತಾರೆ, ಬರೆದರೆ ರೋಗಿ ನುಂಗಲು ಮರೆಯುತ್ತಾನೆ. ಕೇಸಿನಲ್ಲಿ ಅತಿ ಸಪ್ಪೆಯಾದ ಭಾಗ ಇದು, ಹಾಗಾಗಿ ಯಾರೂ ಹೇಳುವುದಿಲ್ಲ.

ಆಗ ಹೆಂಡತಿ ಕೇಳಿದರು: ‘ನಮಗೂ ನೋಡ್ತೀರಾ? ಒಂದೇ ಕೊಡದ ನೀರು ಕುಡಿಯೋದು.’

ಅವರಿಗೆ ರಕ್ತದ ಪರೀಕ್ಷೆ ಮಾಡಿಸಬೇಡಿ ಅಂತ ನಾನೇ ವಾರ್ಡಿಗೆ ಹೇಳಿದೆ. ಕಾರಣ ಮೇಲೆಯೇ ಇದೆ, ನನ್ನ ಪಟ್ಟಿ. ಹಳೆಯದೋ ಹೊಸದೋ ತಿಳಿಯದು. ಮಲದಲ್ಲಿ ಅಮೀಬಾದ ಪ್ರತಿಜನಕ, ಅಂದರೆ ಅಮೀಬಾದ್ದೇ ಪ್ರೋಟೀನ್, ಇದೆಯಾ ಅಂತ ನೋಡಬೇಕು. ಬರೀ ಮೈಕ್ರೋಸ್ಕೋಪ್ ಕೂಡ ಸಾಲದು. ಯಾಕೆಂದರೆ ನೋಡಲು ಒಂದೇ ತರಹ ಇರುವ ಎರಡು ಅಮೀಬಾ ಇವೆ.

ಈ ಮಾತನ್ನು ಮೊದಲು ಹೇಳಿದ್ದು 1925ರಲ್ಲಿ, ಫ್ರಾನ್ಸಿನ ಎಮಿಲ್ ಬ್ರುಂಪ್ಟ್. ಒಂದು ರೋಗ ತರುತ್ತದೆ, ಇನ್ನೊಂದು ಸುಮ್ನೆ ಇರುತ್ತದೆ, ಅದರ ಹೆಸರು ಎಂಟಮೀಬಾ ಡಿಸ್ಪಾರ್ ಅಂದ. ಯಾರೂ ಕೇಳಲಿಲ್ಲ. ಅರ್ಧ ಶತಮಾನ ಕಳೆದ ಮೇಲೆ 1978ರಿಂದ ಲಂಡನ್ನಿನ ಸಾರ್ಜೆಂಟ್ ಮತ್ತು ಜೊತೆಗಾರರು ಅಮೀಬಾದ ಕಿಣ್ವಗಳನ್ನೇ ಜೆಲ್ಲಿನಲ್ಲಿ ಓಡಿಸಿ ನೋಡಿದರು. ರೋಗಿಗಳ ಅಮೀಬಾದಲ್ಲಿ ಹೆಕ್ಸೋಕೈನೇಸ್ ಕಿಣ್ವ ಬೇರೆ ವೇಗದಲ್ಲಿ ಓಡುತ್ತಿತ್ತು. ಆಮೇಲೆ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ಜಾಕ್ಸನ್ ಮತ್ತು ಗತಿರಾಮ್ ಇದೇ ಪ್ರಶ್ನೆಯನ್ನು ರಕ್ತಕ್ಕೆ ಕೇಳಿದರು. ರೋಗ ತರುವ ಬಗೆ ಹೊತ್ತವರ ರಕ್ತದಲ್ಲಿ ಪ್ರತಿಕಾಯ ಇತ್ತು, ಅವರಿಗೆ ಏನೂ ತೊಂದರೆ ಇಲ್ಲದಿದ್ದರೂ. ಇನ್ನೊಂದು ಬಗೆ ಹೊತ್ತವರಲ್ಲಿ ಸಾಮಾನ್ಯವಾಗಿ ಇರಲಿಲ್ಲ. ರೋಗ ತರುವ ಬಗೆಯನ್ನು ಆರಾಮಾಗಿ ಹೊತ್ತು ತಿರುಗುತ್ತಿದ್ದವರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಒಂದು ವರ್ಷದೊಳಗೆ ರೋಗ ಬಂತು. ಕಿಣ್ವ ಹೇಳಿದ್ದನ್ನೇ ಪ್ರತಿಕಾಯವೂ ಹೇಳಿತು. ಕೊನೆಗೆ 1993ರಲ್ಲಿ ಡೈಮಂಡ್ ಮತ್ತು ಕ್ಲಾರ್ಕ್ ಎರಡನ್ನೂ ಅಧಿಕೃತವಾಗಿ ಬೇರೆ ಮಾಡಿದರು. ಜರ್ಮನಿಯ ಹ್ಯಾಂಬರ್ಗಿನ ಸಂಶೋಧಕರು ತೋರಿಸಿದಂತೆ ಡಿಸ್ಪಾರ್‌ನಲ್ಲಿ ಸಿಪಿ5 ಜೀನ್ ಕೆಟ್ಟು ಕೂತಿದೆ, ಕೆಲಸಕ್ಕೆ ಬರುವುದಿಲ್ಲ. ಇದು ಒಂದೇ ಕಾರಣ ಅಂತ ಯಾರೂ ಹೇಳುವುದಿಲ್ಲ, ಆದರೂ ನನಗೆ ಆ ವಿವರ ಇಷ್ಟ.

ಡರ್ಬನ್ ಅಂದಾಗ ಇನ್ನೊಂದು ನೆನಪಾಯಿತು. ಈ ಹಮಾಲಿ ಬೈದುಕೊಂಡು ನುಂಗಿದ ಮೆಟ್ರೋನಿಡಜೋಲ್ ಅಮೀಬಾ ರೋಗಕ್ಕೆ ಕೆಲಸ ಮಾಡುತ್ತದೆ ಅಂತ 1966ರಲ್ಲಿ ತೋರಿಸಿದ್ದೂ ಆ ಊರಿನವರೇ. ಅದಕ್ಕೂ ಮೊದಲು, 1912ರಿಂದ, ಕಲ್ಕತ್ತಾದ ಲಿಯೊನಾರ್ಡ್ ರಾಜರ್ಸ್ ಬಳಕೆಗೆ ತಂದ ಎಮೆಟಿನ್ ಇಂಜೆಕ್ಷನ್. ಅದು ಹೃದಯಕ್ಕೆ ಪೆಟ್ಟು ಕೊಡುತ್ತಿತ್ತು. ಕಬ್ಬಿಣದ ರುಚಿ ವಾಸಿ.

ಹೆಂಡತಿಯ ಮಲದಲ್ಲಿ ಹಿಸ್ಟೋಲಿಟಿಕಾ ಪ್ರತಿಜನಕ ಪಾಸಿಟಿವ್ ಬಂತು. ಬೇಧಿ ಇಲ್ಲ, ನೋವಿಲ್ಲ, ಊಟ ಸರಿ. ಅವರಿಗೂ ಡೈಲೋಕ್ಸನೈಡ್ ಕೊಟ್ಟರು. ಅಡುಗೆ ಮಾಡುವ ಕೈ ಅದು, ಅವರಿಗೆ ರೋಗ ಇಲ್ಲದಿದ್ದರೂ ಮನೆಯವರಿಗೆ ಹರಡಬಹುದು. ಇಬ್ಬರು ಮಕ್ಕಳದ್ದು ನೆಗೆಟಿವ್.

ಮೂರು ತಿಂಗಳಿಗೆ ಸ್ಕ್ಯಾನ್ ಮಾಡಿದರೆ ಗಡ್ಡೆ ಇನ್ನೂ 3 ಸೆಂಟಿಮೀಟರ್ ಉಳಿದಿತ್ತು. ಆತ ಗಾಬರಿಯಾದ. ಆರಾಮಾಗಿ ಮೂಟೆ ಹೊರುತ್ತಿದ್ದೀಯಲ್ಲ, ಖಾಲಿ ಜಾಗ ತುಂಬಿಕೊಳ್ಳಲು ತಿಂಗಳುಗಳೇ ಬೇಕು ಅಂತ ಹೇಳಿ ಕಳಿಸಿದರು.

ಒಂದು ವರ್ಷದ ನಂತರ ಮತ್ತೆ ಬಂದ. ಬಲ ಭುಜ ನೋವು. ಬೇರೆಲ್ಲೋ ತೋರಿಸಿದ್ದ, ಅಲ್ಲಿ ಹಳೆಯ ಕತೆ ಕೇಳಿ ಅಮೀಬಾ ಪ್ರತಿಕಾಯ ಮಾಡಿಸಿದ್ದರು. 3.1, ಪಾಸಿಟಿವ್. ರೋಗ ಮರುಕಳಿಸಿದೆ ಅಂತ ಮತ್ತೆ ಮೆಟ್ರೋನಿಡಜೋಲ್ ಬರೆದಿದ್ದರು. ಆ ರುಚಿ ನೆನಪಾಗಿ ಚೀಟಿ ಹಿಡಿದುಕೊಂಡು ಇಲ್ಲಿಗೆ ಓಡಿಬಂದಿದ್ದ. ಜ್ವರ ಇಲ್ಲ. ಉಸಿರೆಳೆದರೆ ನೋವಿಲ್ಲ. ಪಕ್ಕೆಲುಬಿನ ಸಂದಿಯಲ್ಲಿ ಒತ್ತಿದರೆ ಕಚಗುಳಿ ಅಂದ. ಸ್ಕ್ಯಾನಿನಲ್ಲಿ ಲಿವರ್ ಸಾಫ್. ಕೈ ಮೇಲೆತ್ತಲು ಹೇಳಿದಾಗ ಮಾತ್ರ ಅಯ್ಯೋ ಅಂದ.

ಈ ಸಲ ಮುಲಾಮು ಬರೆದುಕೊಟ್ಟರು.